ಕಿವಿಯೋಲೆ ಮಾಡಲು ಗಾಜಿನ ಹನಿ ಮಣಿಗೆ (ನೀರಿನ ಹನಿಯ ಆಕಾರದ ಮಣಿ) ವೈರ್ ಸುತ್ತುವಾಗ ಮಣಿಯ ತುದಿ ಒಡೆಯುತ್ತಿದೆ, ಎಷ್ಟು ಬಿಗಿಯಾಗಿ ಸುತ್ತಿದರೂ ಒಡೆಯುತ್ತಿದೆ. 20 ಗೇಜಿನ ದಪ್ಪ ವೈರ್ ತಗೊಳ್ಳಲಾ, ದುಬಾರಿ ಪ್ಲೈಯರ್ ತಗೊಳ್ಳಲಾ?

ಎರಡೂ ತಗೋಬೇಡಿ. ದುಡ್ಡು ಉಳಿಸಿ.

"ಎಷ್ಟು ಬಿಗಿಯಾಗಿ ಸುತ್ತಿದರೂ ಒಡೆಯುತ್ತಿದೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನಗುವೂ ಬಂತು, ಹೊಟ್ಟೆಯೂ ಚುರ್ ಎಂದಿತು. 2018ರಲ್ಲಿ ನಾನು ಇದೇ ಮಾತನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದ್ದೆ. ಬಿಗಿಯಾಗಿ ಸುತ್ತಿದರೂ ಅಲ್ಲರೀ, ಬಿಗಿಯಾಗಿ ಸುತ್ತಿದ್ದಕ್ಕೇ ಒಡೆಯುತ್ತಿದೆ.

ನಮ್ಮದು ಕಲಬುರಗಿ. ಆ ವರ್ಷ ಬಸವ ಜಯಂತಿ ಕಳೆದ ಮೇಲೆ ನಮ್ಮ ವೈನಿಯ ತಂಗಿಯ ಮದುವೆ ಇತ್ತು. ಮದುಮಗಳ ಗೆಳತಿಯರಿಗೆ ಕೊಡಲು 16 ಜೋಡಿ ಜೋತಾಡುವ ಕಿವಿಯೋಲೆ ಬೇಕು ಅಂದರು. ಜೋಡಿಗೆ 180 ರೂಪಾಯಿ. ನನ್ನ ಮೊದಲ ದೊಡ್ಡ ಆರ್ಡರ್. ಹೈದರಾಬಾದಿಗೆ ಹೋಗಿ ಚಾರ್ಮಿನಾರ್ ಹತ್ತಿರ ನೇರಳೆ ಬಣ್ಣದ ಗಾಜಿನ ಹನಿ ಮಣಿ ತಂದೆ. ಹರಳಿನ ಹಾಗೆ ಮುಖ ಕೊರೆದ ಮಣಿ, ದೀಪದ ಕೆಳಗೆ ಹಿಡಿದರೆ ಕಣ್ಣು ಕುಕ್ಕಬೇಕು. ತೂತು ಉದ್ದಕ್ಕೆ ಇರಲಿಲ್ಲ, ಚೂಪು ತುದಿಯ ಸ್ವಲ್ಪ ಕೆಳಗೆ ಅಡ್ಡಕ್ಕೆ. ನಿಮ್ಮದೂ ಅಂಥದ್ದೇ ಅನ್ನಿಸುತ್ತದೆ. ಉದ್ದಕ್ಕೆ ತೂತಿದ್ದರೆ ತಲೆ ಇರುವ ಪಿನ್ನು ತೂರಿಸಿ ಮೇಲೆ ಕೊಂಡಿ ಮಾಡಿದರೆ ಮುಗಿಯಿತು, ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ನಾನು ನೋಡಿದ ವಿಡಿಯೊದಲ್ಲಿ ಒಬ್ಬಾಕೆ "ಮಣಿಗೂ ವೈರಿಗೂ ನಡುವೆ ಸಂದು ಕಾಣಬಾರದು" ಅಂದಿದ್ದಳು. ಅದನ್ನೇ ವೇದವಾಕ್ಯ ಮಾಡಿಕೊಂಡೆ. ವೈರ್ ತೂರಿಸುವುದು, ಚಪ್ಪಟೆ ಮೂತಿಯ ಪ್ಲೈಯರ್‌ನಿಂದ ತೂತಿನ ಬಾಯಿಯಲ್ಲೇ ಹಿಡಿದು ವೈರಿನ ಎರಡೂ ಕಾಲನ್ನು, ಅಂದರೆ ಹೊರಗುಳಿದ ತುದಿಗಳನ್ನು, ಮೇಲಕ್ಕೆ ಮಡಚುವುದು, ತುದಿಯ ನೆತ್ತಿಗೆ ಒತ್ತಿಕೊಂಡು ಹೆಣೆದು, ಜಗ್ಗಿ ಸುತ್ತುವುದು. ಮೇಜಿನ ಮೇಲೆ ಮೂರು ಒಡೆದವು. ಮಣಿ ಕಳಪೆ ಅಂತ ಅಂಗಡಿಯವನಿಗೆ ಬೈದೆ. ಉಳಿದವು ನೋಡಲು ಬಹಳ ಚೆಂದ ಬಂದಿದ್ದವು. ಅಲ್ಲಾಡಿಸಿದರೂ ಮಿಸುಕುತ್ತಿರಲಿಲ್ಲ. ಅದೇ ನನಗೆ ಹೆಮ್ಮೆ.

ಮದುವೆ ದಿನ ಊಟದ ಪಂಕ್ತಿಯಲ್ಲಿ ಒಬ್ಬ ಹುಡುಗಿ ಪಕ್ಕದವಳ ಜೊತೆ ನಗುತ್ತಾ ತಲೆ ಬಗ್ಗಿಸಿದಳು. ಕಿವಿಯಿಂದ ಹನಿ ಕಳಚಿ ನೇರ ಹುಗ್ಗಿಯೊಳಗೆ ಬಿತ್ತು. ಮಣಿ ಬೆರಳಿಗೆ ಸಿಕ್ಕಿತು, ಆದರೆ ತುದಿ ಇರಲಿಲ್ಲ. ಗಾಜಿನ ಚೂರು ಎಲ್ಲಿ ಅಂತ ಎಲ್ಲರೂ ಹುಡುಕಿದೆವು. ಕಿವಿಯಲ್ಲಿ ವೈರಿನ ಕುಣಿಕೆ ಮಾತ್ರ ಖಾಲಿ ನೇತಾಡುತ್ತಿತ್ತು. ಆಕೆಯ ತಾಟು ಎತ್ತಿಬಿಟ್ಟೆವು, ಪಕ್ಕದವಳದ್ದೂ ಎತ್ತಿದೆವು. ಸಂಜೆಯೊಳಗೆ ಇನ್ನೂ ನಾಲ್ಕು ಉದುರಿದವು. ವೈನಿ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು. 2,880 ರೂಪಾಯಿ ಪೂರ್ತಿ ವಾಪಸ್ ಕೊಟ್ಟೆ.

ಆಮೇಲೆ ನಿಮ್ಮ ಹಾಗೇ ಯೋಚಿಸಿದೆ: ವೈರ್ ತೆಳ್ಳಗಿದ್ದಿದ್ದಕ್ಕೇ ಹೀಗಾಯಿತು, ದಪ್ಪದ್ದು ತರೋಣ ಅಂತ. ನಮ್ಮ ಓಣಿಯಲ್ಲಿ ಕೂಲರ್, ಫ್ಯಾನ್ ಮೋಟರ್ ವೈಂಡಿಂಗ್ ಮಾಡುವ ಒಬ್ಬ ಚಾಚಾ ಇದ್ದಾರೆ. ಬಣ್ಣದ ಲೇಪ ಇರುವ ತಾಮ್ರದ ತಂತಿ ಅವರ ಹತ್ತಿರ ತೂಕದ ಲೆಕ್ಕದಲ್ಲಿ ಸಿಗುತ್ತದೆ, ನಾನು ಮೊದಲಿಂದಲೂ ಅಲ್ಲೇ ತರುವುದು. ಮೇ ತಿಂಗಳ ಕಲಬುರಗಿ, ಅಂಗಡಿ ತುಂಬ ಸುಟ್ಟ ಮೋಟರ್‌ಗಳು, ಅವರಿಗೆ ತಲೆ ಎತ್ತಲೂ ಪುರಸೊತ್ತಿಲ್ಲ. ಒಂದು ಒಡೆದ ಮಣಿ ಕೈಗಿಟ್ಟು ವಿಷಯ ಹೇಳಿದೆ. ಚಾಚಾ ಕನ್ನಡಕ ಹಣೆಗೇರಿಸಿ ನೋಡಿದರು. ಆಮೇಲೆ ತಾವು ಸುತ್ತುತ್ತಿದ್ದ ಮೋಟರನ್ನು ನನ್ನ ಕಡೆ ತಿರುಗಿಸಿದರು. ಕಬ್ಬಿಣದ ಸೀಳಿನೊಳಗೆ ತಂತಿ ಇಳಿಯುವ ಮುಂಚೆ ಗಟ್ಟಿ ಕಾಗದ ಹಾಸಿದ್ದರು. ತಂತಿ ಸೀಳಿನಿಂದ ಹೊರಬಂದ ಮೇಲೆ ತುಸು ದೂರ ನೆಟ್ಟಗೆ ಹೋಗಿ, ಆಮೇಲೆ ತಿರುಗುತ್ತಿತ್ತು.

"ಬಾಯಾಗೇ ಬಗ್ಗಸಬ್ಯಾಡ ಬೇಟಿ. ಹೊರಗ ಬರಲಿ, ಆಮ್ಯಾಗ ಬಗ್ಗಸು" ಅಂದರು. ಅಷ್ಟೇ. ಮತ್ತೆ ಕೆಲಸಕ್ಕೆ ಬಾಗಿದರು.

ಈಗ ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆದರೂ ಓದಿ. ಹನಿ ಮಣಿಯಲ್ಲಿ ತೂತಿನ ಮೇಲೆ ಉಳಿಯುವ ಗಾಜು ತೀರಾ ತೆಳು, ಒಂದು ಸಣ್ಣ ಸೇತುವೆಯಷ್ಟು. ಮಣಿಯ ಭಾರವೆಲ್ಲ ಅದರ ಮೇಲೇ. ತೂತಿನ ಎರಡೂ ಬಾಯಿಯ ಅಂಚು ಹರಿತ. ವೈರನ್ನು ಅಲ್ಲೇ ಮಡಚಿ, ನೆತ್ತಿಗೆ ಅಂಟಿಸಿ ಹೆಣೆದರೆ ಎರಡು ಕಾಲುಗಳು ಆ ಸೇತುವೆಯನ್ನು ಅಡಕತ್ತರಿಯ ಹಾಗೆ ಎರಡೂ ಕಡೆಯಿಂದ ಕಚ್ಚಿಕೊಳ್ಳುತ್ತವೆ. ಜಗ್ಗಿದಷ್ಟೂ ಕಚ್ಚುತ್ತವೆ. ಕೆಲವು ಅಲ್ಲೇ ಟಪ್ ಅನ್ನುತ್ತವೆ. ಉಳಿದವುಗಳ ಅಂಚಲ್ಲಿ ಕಣ್ಣಿಗೆ ಕಾಣದ ಬಿರುಕು. ಜೊತೆಗೆ ಮಣಿ ತೂಗಾಡುವ ಹಾಗಿಲ್ಲವಲ್ಲ, ಹಾಗಾಗಿ ಭುಜಕ್ಕೆ, ಫೋನಿಗೆ, ಪಕ್ಕದವಳ ತಲೆಗೆ ತಾಗಿದ ಪ್ರತಿ ಪೆಟ್ಟೂ ಆ ತೆಳು ಜಾಗಕ್ಕೇ ಹೋಗುತ್ತದೆ. ತೂಗಾಡುವ ಮಣಿಯಾದರೆ ಪೆಟ್ಟು ಬಿದ್ದಾಗ ಸರಿದುಕೊಳ್ಳುತ್ತದೆ. ನಾನು ಹೆಮ್ಮೆ ಪಟ್ಟ "ಮಿಸುಕದ" ಮಣಿಗಳೇ ಹುಗ್ಗಿಗೆ ಬಿದ್ದದ್ದು.

ದಪ್ಪ ವೈರ್ ತಂದರೆ ಇದು ಇನ್ನೂ ಕೆಡುತ್ತದೆ. ಅದನ್ನು ಮಡಚಲು ಜಾಸ್ತಿ ಬಲ ಬೇಕು, ಆ ಬಲ ಬೀಳುವುದು ಗಾಜಿನ ಮೇಲೆ. ನೀವು ಹೇಳಿದ 20 ಗೇಜ್ ಬಹಳಷ್ಟು ಹನಿ ಮಣಿಗಳ ತೂತಿಗೆ ಹೋಗುವುದೂ ಇಲ್ಲ. ಗೇಜ್ ಅಂದರೆ ವೈರಿನ ದಪ್ಪದ ನಂಬರ್, ನಂಬರ್ ಹೆಚ್ಚಿದಷ್ಟೂ ವೈರ್ ತೆಳು. ಅದರ ವಿಷಯದಲ್ಲಿ ಇನ್ನೊಂದು ತೊಡಕಿದೆ. ವಿಡಿಯೊಗಳಲ್ಲಿ ಹೇಳುವ 24 ಸಾಮಾನ್ಯವಾಗಿ ಅಮೆರಿಕದ ಲೆಕ್ಕ, ಅಂದರೆ 0.51 ಮಿ.ಮೀ. ನಮ್ಮ ವೈಂಡಿಂಗ್ ಅಂಗಡಿಯ 24 ಬ್ರಿಟಿಷ್ ಲೆಕ್ಕ, 0.56 ಮಿ.ಮೀ., ಮೇಲೆ ಲೇಪ ಬೇರೆ. ಕಡಿಮೆ ವ್ಯತ್ಯಾಸ ಅನ್ನಿಸಬಹುದು, ಆದರೆ ತೂತಿನಲ್ಲಿ ಸಿಕ್ಕಿಕೊಂಡಾಗ ಗೊತ್ತಾಗುತ್ತದೆ. ತುರುಕಬೇಡಿ. ನಾನು ಅಂಗಡಿಯಲ್ಲಿ 26 ಕೇಳುತ್ತೇನೆ, ಅದು 0.46 ಮಿ.ಮೀ. ಮಣಿಯನ್ನೇ ಜೊತೆಗೆ ಒಯ್ದು ತೂರಿಸಿ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು.

ಈಗ ನಾನು ಸುತ್ತುವುದು ಹೀಗೆ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ವೈರ್. ಒಂದು ಕಾಲು ಗಿಡ್ಡ, ಇನ್ನೊಂದು ಉದ್ದ ಇರುವ ಹಾಗೆ ತೂರಿಸಿ, ಮಣಿಯನ್ನು ಎಡಗೈ ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯುತ್ತೇನೆ. ಕಾಲುಗಳನ್ನು ಬೆರಳಿನಿಂದಲೇ ಮೇಲಕ್ಕೆ ತರುತ್ತೇನೆ, ಪ್ಲೈಯರ್ ಮುಟ್ಟುವುದಿಲ್ಲ. ಅವು ಗುಡಾರದ ಹಾಗೆ ತ್ರಿಕೋನವಾಗಿ ಕೂಡಬೇಕು. ಮಣಿಯ ನೆತ್ತಿಗೂ ಅವು ಕೂಡುವ ಜಾಗಕ್ಕೂ ನಡುವೆ ಒಂದು ಸಾಸಿವೆ ಕಾಳು ಹಿಡಿಯುವಷ್ಟು ಸಂದು. ಶುರುವಿನಲ್ಲಿ ನಿಜವಾಗಿಯೂ ಸಾಸಿವೆ ಕಾಳು ಇಟ್ಟೇ ಅಳೆಯುತ್ತಿದ್ದೆ, ಅಮ್ಮ ಅಡುಗೆಮನೆಯಿಂದ ಗದರುತ್ತಿದ್ದಳು. ಕೂಡಿದ ಮೇಲೆ ಬೇಕಾದರೆ ಪ್ಲೈಯರ್ ತಗೊಳ್ಳಿ. ಅಲ್ಲಿಂದ ಮೇಲೆ ಎಷ್ಟು ಬಿಗಿ ಬೇಕೋ ಅಷ್ಟು ಮಾಡಿ, ಅದು ವೈರಿನ ಮೇಲೆ ವೈರ್, ಗಾಜಿಗೆ ಸಂಬಂಧ ಇಲ್ಲ. ಗಿಡ್ಡ ಕಾಲನ್ನು ಉದ್ದ ಕಾಲಿಗೆ ಎರಡು ಮೂರು ಸುತ್ತು ಸುತ್ತಿ ಕತ್ತರಿಸಿ. ಉದ್ದ ಕಾಲನ್ನು ದುಂಡು ಮೂತಿಯ ಪ್ಲೈಯರಿಗೆ ಸುತ್ತಿ ಕೊಂಡಿ ಮಾಡಿ, ಉಳಿದದ್ದನ್ನು ಮೊದಲಿನ ಸುತ್ತಿನ ಮೇಲೆ ಇಳಿಸಿ.

ಆ ಸಂದು ಕಂಡರೆ ಅಸಹ್ಯ ಅನ್ನುವವರು ಸುತ್ತನ್ನು ಇನ್ನೂ ಕೆಳಗಿಳಿಸಿ ಮಣಿಯ ಹೆಗಲಿಗೆ ಟೊಪ್ಪಿಯ ಹಾಗೆ ಹೊದಿಸುತ್ತಾರೆ. ಹೊದಿಸಿ, ಆದರೆ ಸಡಿಲವಾಗಿ. ಗಮ್ ಮಾತ್ರ ಬೇಡ. ಗಮ್ ಹಾಕಿದರೆ ಮಣಿ ಮತ್ತೆ ಮಿಸುಕದೆ ನಿಲ್ಲುತ್ತದೆ, ನನ್ನ 16 ಜೋಡಿಯ ಕಥೆಯೇ.

ಕೊಕ್ಕೆ ಹಾಕುವ ಮುಂಚೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಸಣ್ಣಗೆ ಟಿಕ್ ಟಿಕ್ ಅಂದರೆ ಸರಿ. ಸದ್ದೇ ಇಲ್ಲದಿದ್ದರೆ ಕತ್ತರಿಸಿ ಬಿಚ್ಚಿ, ಹೊಸ ವೈರ್ ಹಾಕಿ. ಬಿಚ್ಚಿದ್ದನ್ನೇ ನೆಟ್ಟಗೆ ಮಾಡಿ ಮತ್ತೆ ಸುತ್ತಬೇಡಿ. ತಾಮ್ರ ಮಡಚಿದಷ್ಟೂ ಪೆಡಸಾಗುತ್ತದೆ, ಮತ್ತೆ ಸುತ್ತಿದರೆ ಅದೇ ಮಡಿಕೆಯಲ್ಲಿ ತುಂಡಾಗಬಹುದು.