ಗದ್ದೆ ಮಾರಬೇಡಿ

(ಸಿಂಧನೂರು ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ಅಕ್ಕನಿಗೆ ಸ್ತನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಮುಗಿದು ಕೀಮೊ ನಡೆಯುತ್ತಿದೆ. ‘ಎಕ್ಸೊಸೋಮ್ ಜೀನ್ ಚಿಕಿತ್ಸೆಯಿಂದ ಕ್ಯಾನ್ಸರ್ ಹರಡದಂತೆ ತಡೆಯುತ್ತೇವೆ’ ಎಂಬ ಜಾಹೀರಾತು ಮೊಬೈಲಿಗೆ ಬಂದಿದೆ. ಗದ್ದೆ ಮಾರಿ ಮಾಡಿಸಲೇ?)

ಮಾರಬೇಡಿ. ಕೀಮೊದ ಒಂದು ಸರದಿಯನ್ನೂ ತಪ್ಪಿಸಬೇಡಿ.

ಜಾಹೀರಾತು ಹೇಳುವ ವಿಜ್ಞಾನ ಇದೆ. ಅದನ್ನು ಔಷಧಿಯೆಂದು ಮಾರುವ ಕಾಲ ಬಂದಿಲ್ಲ. ಜೀವಕೋಶಗಳು ಪೊರೆಯ ಸಣ್ಣ ಗುಳ್ಳೆಗಳನ್ನು ಹೊರಬಿಡುತ್ತವೆ. ಅವುಗಳಲ್ಲಿ ಎಕ್ಸೊಸೋಮ್‌ನ ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್. 1983ರಲ್ಲಿ ಕುರಿಯ ಎಳೆಯ ಕೆಂಪು ರಕ್ತಕಣಗಳಲ್ಲಿ ಇವು ಕಂಡಾಗ, ಕೋಶ ಬೇಡದ್ದನ್ನು ಎಸೆಯುತ್ತಿದೆ ಎಂದೇ ಬಗೆದಿದ್ದರು. ಇವು ಆರ್‌ಎನ್‌ಎಯನ್ನು, ಅಂದರೆ ಜೀನಿನ ಸಂದೇಶ ಹೊರುವ ಅಣುವನ್ನು, ಕೋಶದಿಂದ ಕೋಶಕ್ಕೆ ಒಯ್ಯುತ್ತವೆ ಎಂದು 2007ರಲ್ಲಿ ಸ್ವೀಡನ್ನಿನ ಯಾನ್ ಲಾಟ್ವಾಲ್ ತಂಡ ತೋರಿಸಿತು.

ಕ್ಯಾನ್ಸರ್ ಕೋಶವೂ ಇದನ್ನೇ ಬಳಸುತ್ತದೆ. ಸ್ತನ ಕ್ಯಾನ್ಸರಿನಿಂದ ತೀರಿಕೊಂಡವರ ದಾಖಲೆಗಳನ್ನು ನೋಡಿದ ಲಂಡನ್ನಿನ ವೈದ್ಯ ಸ್ಟೀಫನ್ ಪ್ಯಾಜೆಟ್, ಕ್ಯಾನ್ಸರ್ ಕೋಶವೆಂಬ ಬೀಜ ಎಲ್ಲೆಡೆ ಬಿದ್ದರೂ ಹೊಂದುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂದು 1889ರಲ್ಲೇ ಬರೆದ. ಕಾಲುವೆ ಕೆಳಗೆ ಭತ್ತ ಬೆಳೆಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಡ್ಡೆಯ ಗುಳ್ಳೆಗಳು ಮುಂಚಿತವಾಗಿಯೇ ಹೋಗಿ ಆ ನೆಲವನ್ನು ಹದಮಾಡುತ್ತವೆ. ಅವು ಶ್ವಾಸಕೋಶಕ್ಕೋ ಯಕೃತ್ತಿಗೋ ಎಂಬುದನ್ನು ಮೇಲ್ಮೈಯ ಇಂಟೆಗ್ರಿನ್ ಪ್ರೋಟೀನುಗಳು ನಿರ್ಧರಿಸುತ್ತವೆ ಎಂದು 2015ರಲ್ಲಿ ಡೇವಿಡ್ ಲೈಡನ್ ತಂಡ ಕಂಡುಕೊಂಡಿತು.

ಅದೇ ಗುಳ್ಳೆಯಲ್ಲಿ ಔಷಧಿಯನ್ನು ಏಕೆ ತುಂಬಬಾರದು? ಅಮೆರಿಕದ ಎಂ.ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ ರಘು ಕಲ್ಲೂರಿ ತಂಡ 2017ರಲ್ಲಿ, ಕೆಆರ್‌ಎಎಸ್ ಜೀನಿನ ಒಂದು ದೋಷವನ್ನು ಅಡಗಿಸುವ ಆರ್‌ಎನ್‌ಎ ತುಂಬಿ ಇಲಿಗಳಿಗೆ ಕೊಟ್ಟಿತು. ಅವು ಹೆಚ್ಚು ಕಾಲ ಬದುಕಿದವು. ಗುಳ್ಳೆಗಳ ಮೇಲಿನ ಸಿಡಿ47 ಎಂಬ ಪ್ರೋಟೀನು ಅವುಗಳನ್ನು ಹೊರಗಿನ ಕಣಗಳನ್ನು ನುಂಗಿಹಾಕುವ ದೇಹದ ರಕ್ಷಕ ಕೋಶಗಳಿಂದ ಕಾಪಾಡಿತ್ತು. ಆಮೇಲೆ ಅಲ್ಲಿಯೇ ಮನುಷ್ಯರ ಮೇಲೂ ಮೊದಲ ಹಂತದ ಪ್ರಯೋಗ ಶುರುವಾಯಿತು. ಗಮನಿಸಿ: ಇದೆಲ್ಲ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ, ಅದೂ ಆ ಒಂದು ದೋಷವಿದ್ದವರಿಗೆ. ನಿಮ್ಮ ಅಕ್ಕನ ಕಾಯಿಲೆಯೇ ಬೇರೆ. ನೀವು ಕಳುಹಿಸಿದ ಜಾಹೀರಾತಿನಲ್ಲಿ ಗುಳ್ಳೆಯೊಳಗೆ ಏನಿದೆ ಎಂಬ ಮಾತೇ ಇಲ್ಲ. ಹಣದ ಮೊತ್ತ ಮಾತ್ರ ದಪ್ಪಕ್ಷರದಲ್ಲಿದೆ! ಅನುಮತಿಯಿಲ್ಲದ ಎಕ್ಸೊಸೋಮ್ ಚುಚ್ಚುಮದ್ದಿನಿಂದ ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ರೋಗಿಗಳಿಗೆ ತೀವ್ರ ತೊಂದರೆಯಾಗಿ, 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತ್ತು.

ಅವರು ಮತ್ತೆ ಕರೆ ಮಾಡಿದರೆ ಸಿಟಿಆರ್‌ಐ (ದೇಶದ ಔಷಧ ಪ್ರಯೋಗಗಳ ಸರ್ಕಾರಿ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ ಯಾವ ಔಷಧ ಪ್ರಯೋಗಕ್ಕೂ ಅದು ಕಡ್ಡಾಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಬೆಂಗಳೂರಿಗೇ ಹೋಗಬೇಕಿಲ್ಲ, ಕಿದ್ವಾಯಿ ಸಂಸ್ಥೆಯ ಘಟಕ ಕಲಬುರಗಿಯಲ್ಲಿದೆ. ಹೋಗುವಾಗ ಬಯಾಪ್ಸಿ ವರದಿಯನ್ನು ಮರೆಯದೆ ಒಯ್ಯಿರಿ.

— ಸಂ.