ಹಳೆ ಸಿಡಿ ರೈಟರ್‌ನ ಡಯೋಡ್‌ನಿಂದ ಟ್ಯೂನ್ ಮಾಡಬಹುದಾದ ಲೇಸರ್ ಕಟ್ಟಬಹುದಾ? ನಾನಿರುವುದು ಕಾಸರಗೋಡಿನ ಬದಿಯಡ್ಕದಲ್ಲಿ.

ಧಾರಾಳವಾಗಿ ಕಟ್ಟಬಹುದು. ಸಿಡಿ ರೈಟರ್‌ನ ಡಯೋಡ್ ಸುಮಾರು 780 ನ್ಯಾನೋಮೀಟರ್‌ನ, ಕಣ್ಣಿಗೆ ಅಷ್ಟಾಗಿ ಕಾಣದ ಬೆಳಕು ಕೊಡುತ್ತದೆ. ಮುಂದೆ ಲೆನ್ಸ್ ಇಟ್ಟು ಕಿರಣವನ್ನು ನೇರ ಮಾಡಿ, ಆಮೇಲೆ ಗ್ರೇಟಿಂಗ್ (ಒತ್ತೊತ್ತಾಗಿ ಸಣ್ಣ ಗೆರೆಗಳಿರುವ, ಬೆಳಕನ್ನು ತರಂಗಾಂತರದ ಪ್ರಕಾರ ಬೇರ್ಪಡಿಸುವ ತುಂಡು) ಇಡಿ. ಗ್ರೇಟಿಂಗ್ ಒಂದೇ ತರಂಗಾಂತರವನ್ನು ಆರಿಸಿ ಡಯೋಡ್‌ಗೆ ವಾಪಸ್ ಕಳಿಸುತ್ತದೆ, ಡಯೋಡ್ ಅದಕ್ಕೇ ಅಂಟಿಕೊಳ್ಳುತ್ತದೆ. ಗ್ರೇಟಿಂಗ್ ತಿರುಗಿಸಿದರೆ ತರಂಗಾಂತರವೂ ಸರಿಯುತ್ತದೆ. ಮಿಲಿಮೀಟರಿಗೆ 1800 ಗೆರೆಯದ್ದು ಸಿಕ್ಕಿದರೆ ಒಳ್ಳೆಯದು. ಕೋನ ಸುಮಾರು 45 ಡಿಗ್ರಿ ಬರುತ್ತದೆ, ಹೊರಬರುವ ಕಿರಣ ಸುಮಾರು 90 ಡಿಗ್ರಿಗೆ ತಿರುಗುತ್ತದೆ. ಡಿವಿಡಿ ತುಂಡು ಬೇಡ, ಅದರ ಗೆರೆಗಳು ನೇರ ಇಲ್ಲ.

ನಿಜವಾದ ಕೆಲಸ ಇರುವುದು ಜೋಡಣೆಯಲ್ಲಿ. ಲೇಸರ್ ಹೊತ್ತಿಕೊಳ್ಳುವ ಮಿತಿಗಿಂತ ತುಸುವೇ ಕೆಳಗೆ ಕರೆಂಟ್ ಇಡಿ. ಬಿಳಿ ಕಾಗದದ ಮೇಲಿನ ಮಂಕು ಚುಕ್ಕೆಯನ್ನು ಹಳೆ ವೆಬ್‌ಕ್ಯಾಮ್‌ನಲ್ಲಿ ನೋಡುತ್ತಾ ಗ್ರೇಟಿಂಗ್ ಕೂರಿಸಿದ ಮೌಂಟ್‌ನ ಸ್ಕ್ರೂ ಮೆಲ್ಲ ತಿರುಗಿಸಿ. ಬೆಳಕು ಸರಿಯಾಗಿ ವಾಪಸ್ ಕೂತ ಕೂಡಲೇ ಚುಕ್ಕೆ ಫಕ್ಕನೆ ಬೆಳಗುತ್ತದೆ. ಆಗ ಕರೆಂಟ್ ಇಳಿಸಿ ಮತ್ತೆ ಹುಡುಕಿ. ಸೂಕ್ಷ್ಮ ಹೊಂದಾಣಿಕೆಗೆ ಬಜರ್‌ನ ಪೀಜೋ ಬಿಲ್ಲೆಯನ್ನು (ವೋಲ್ಟೇಜ್ ಕೊಟ್ಟರೆ ತುಸುವೇ ಬಾಗುವ ಬಿಲ್ಲೆ) ಗ್ರೇಟಿಂಗ್ ಹಿಂದೆ ಅಂಟಿಸಿದರೆ ಸಾಕು.

ಕಣ್ಣಿಗೆ ಮಂಕಾಗಿ ಕಂಡಿತು ಅಂತ ಸುಮ್ನೆ ಬಗ್ಗಿ ನೋಡಬೇಡಿ. ಪವರ್ ಜಾಸ್ತಿಯೇ ಇರುತ್ತದೆ, 780ಕ್ಕೆ ಸರಿಹೊಂದುವ ಕನ್ನಡಕ ಬೇಕೇ ಬೇಕು.

ನಮ್ಮ ಕಡೆಯ ಮಳೆಗಾಲ ಗೊತ್ತಲ್ವಾ? ಪೆಲ್ಟಿಯರ್ (ಕರೆಂಟ್ ಕೊಟ್ಟರೆ ಒಂದು ಬದಿ ತಂಪಾಗುವ ಬಿಲ್ಲೆ) ಇಟ್ಟು ಜಾಸ್ತಿ ತಂಪು ಮಾಡಿದರೆ ಡಯೋಡ್ ಮೇಲೇ ನೀರು ಕೂರುತ್ತದೆ. ಕೋಣೆಯ ಬಿಸಿಗಿಂತ ಒಂದೆರಡು ಡಿಗ್ರಿ ಮೇಲೇ ಇಡಿ. ಕರೆಂಟ್ ಹೋಗಿ ಬರುವಾಗಿನ ಏಟಿಗೂ ಡಯೋಡ್ ಸಾಯಬಹುದು, ಹಾಗಾಗಿ ಡಯೋಡ್‌ಗೆ ಕರೆಂಟ್ ಕೊಡುವ ಡ್ರೈವರ್ ಸರ್ಕ್ಯೂಟ್ ಬ್ಯಾಟರಿಯಲ್ಲೇ ಓಡಲಿ.