ಸಭೆಯಲ್ಲಿ ಬರುವ ಪ್ರಾರ್ಥನೆ ಕೋಣೆಯಲ್ಲಿ ಬರುವುದಿಲ್ಲ

ಪ್ರಶ್ನೆ: ನನಗೆ 43 ವರ್ಷ. ನಮ್ಮ ಚರ್ಚಿನ ಸಭೆಯಲ್ಲಿ ಹಿರಿಯನಾಗಿದ್ದೇನೆ. ಭಾನುವಾರದ ಆರಾಧನೆಯಲ್ಲಿ ಪ್ರಾರ್ಥನೆ ನಡೆಸುತ್ತೇನೆ, ಪುರುಷರ ಕೂಟದಲ್ಲಿ ಬೈಬಲ್ ವಾಕ್ಯ ಹೇಳುತ್ತೇನೆ. ಕೇಳಿದವರು ಕಣ್ಣೊರೆಸಿಕೊಳ್ಳುವುದೂ ಉಂಟು. ಆದರೆ ಒಂಟಿಯಾಗಿ ಮೊಣಕಾಲೂರಿದರೆ ಒಂದು ಮಾತೂ ಹೊರಡುವುದಿಲ್ಲ. ಎರಡು ವರ್ಷಗಳಿಂದ ಹೀಗೇ ನಡೆದಿದೆ. ಮೊನ್ನೆ ಮಗಳು, "ಅಪ್ಪಾ, ಸಭೆಯಲ್ಲಿ ಪ್ರಾರ್ಥಿಸುವಾಗ ನಿಮ್ಮ ಧ್ವನಿ ಯಾಕೆ ಬೇರೆಯಾಗುತ್ತದೆ?" ಎಂದು ಕೇಳಿದಳು. ಸಿಟ್ಟಿನಿಂದ ಗದರಿಬಿಟ್ಟೆ. ನಾನು ಕಪಟಿಯೇ? ಹಿರಿಯನ ಸ್ಥಾನ ಬಿಟ್ಟುಬಿಡಲೇ? ಹೆಂಡತಿಗೆ ಹೇಳಿದರೆ ಅವಳ ನಂಬಿಕೆಯೂ ಅಲುಗಾಡೀತು ಎಂಬ ಭಯ.

ಉತ್ತರ: ಸಹೋದರರೇ, ಮೊದಲು ಮಗಳ ಬಳಿ ಹೋಗಿ. "ನೀನು ಕೇಳಿದ್ದು ಸರಿಯಾಗಿತ್ತು, ಗದರಿದ್ದು ನನ್ನ ತಪ್ಪು" ಎಂದಷ್ಟೇ ಹೇಳಿ. ವಿವರಣೆ ಬೇಡ. ನಿಮ್ಮ ಸಭೆಯವರೆಲ್ಲ ಸೇರಿ ಗಮನಿಸದ್ದನ್ನು ಆ ಹುಡುಗಿ ಗಮನಿಸಿದ್ದಾಳೆ, ಅದೂ ಪ್ರೀತಿಯಿಂದ.

ಕಪಟಿಯೇ ಎಂದು ಕೇಳಿದ್ದೀರಿ. ಇನ್ನೂ ಆಗಿಲ್ಲ. ಪ್ರಾರ್ಥನೆ ಬಾರದಿರುವುದು ಕಪಟವಾಗಿದ್ದರೆ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಎಷ್ಟೋ ಪುಟಗಳನ್ನು ಹರಿದು ಹಾಕಬೇಕಾಗುತ್ತದೆ. 88ನೆಯ ಕೀರ್ತನೆಯನ್ನೇ ನೋಡಿ, ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೊಂದು ಸ್ತೋತ್ರದ ಸಾಲು ಸೇರಿಸಿ ಸಮಾಧಾನ ಹೇಳಬೇಕೆಂದು ಬರೆದವನಿಗೆ ಅನ್ನಿಸಿಲ್ಲ. ಮದರ್ ತೆರೇಸಾ ತಮ್ಮ ಮಾರ್ಗದರ್ಶಕ ಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಳ ಕಾಲ ಅವರೊಳಗೆ ಇಂಥದೇ ಬರಡುತನವಿತ್ತೆಂದು ಓದಿ ಅನೇಕರು ಬೆಚ್ಚಿದರು. ಆದರೆ ಅವರು ಅದನ್ನು ಒಬ್ಬರಿಗಾದರೂ ಹೇಳಿಕೊಂಡಿದ್ದರು. ನೀವು ಯಾರಿಗೂ ಹೇಳಿಲ್ಲ. ಒಳಗಿನ ಬರಡುತನ ಹೊರಗೆ ಕಾಣಬಾರದೆಂದು ಇನ್ನಷ್ಟು ಚೆನ್ನಾಗಿ ಪ್ರಾರ್ಥಿಸತೊಡಗಿದರೆ ಆಗ ಕಪಟದ ಬಾಗಿಲು ತೆರೆಯುತ್ತದೆ.

ಪ್ರವಾದಿ ಎಲೀಯನ ಕಥೆಯನ್ನು ನೀವು ಕೂಟದಲ್ಲಿ ಹೇಳಿಯೇ ಇರುತ್ತೀರಿ. ಕರ್ಮೆಲ್ ಬೆಟ್ಟದಲ್ಲಿ ಎಲ್ಲರೆದುರು ಪ್ರಾರ್ಥಿಸಿ ಬೆಂಕಿ ಇಳಿಸಿದವನು, ಸ್ವಲ್ಪ ಸಮಯದಲ್ಲೇ ಒಂದು ಗಿಡದ ಕೆಳಗೆ ಕುಳಿತು ಸಾವು ಬೇಡುತ್ತಾನೆ. ಆಗ ದೇವರು ಅವನಿಗೆ ಉಪದೇಶ ಮಾಡಲಿಲ್ಲ. ದೂತನು ತಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಅಲ್ಲಿದ್ದವು. ತಿಂದು ಮತ್ತೆ ಮಲಗಿದ. ಎರಡನೆಯ ಸಲ ಎಬ್ಬಿಸಿದಾಗಲೂ ಊಟವೇ. ಹೋರೇಬ್ ಬೆಟ್ಟದಲ್ಲಿ ದೇವರು ಮೆಲುದನಿಯಲ್ಲಿ ಅವನೊಡನೆ ಮಾತಾಡಿದ್ದು ಬಹಳ ನಂತರದ ಮಾತು. ನಿಮ್ಮ ಇಡೀ ಪತ್ರದಲ್ಲಿ ನಿದ್ದೆಯ ಬಗ್ಗೆ, ಕೆಲಸದ ಒತ್ತಡದ ಬಗ್ಗೆ ಒಂದು ಸಾಲೂ ಇಲ್ಲ; ಅದೇ ನನಗೆ ಅನುಮಾನ ಹುಟ್ಟಿಸುತ್ತದೆ. ನಿದ್ದೆ ಕೆಟ್ಟಿದ್ದರೆ, ಯಾವುದರಲ್ಲೂ ರುಚಿ ಇಲ್ಲದಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ವೈದ್ಯರನ್ನು ಕಾಣಿ, ತಡಮಾಡಬೇಡಿ. ಅದರಿಂದ ನಂಬಿಕೆಗೇನೂ ಕುಂದಿಲ್ಲ.

ಇನ್ನು ಕೋಣೆಯ ವಿಷಯ. ವರ್ಷಗಟ್ಟಲೆ ಕೇಳುಗರಿಗಾಗಿ ವಾಕ್ಯ ಕಟ್ಟಿದ ನಾಲಿಗೆ, ಕೇಳುಗರಿಲ್ಲದ ಕಡೆ ತಡವರಿಸುತ್ತಿದೆ ಎಂದು ನನಗನ್ನಿಸುತ್ತದೆ. "ನಿನ್ನ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೋ" ಎಂದು ಯೇಸು ಹೇಳಿದ್ದು ಈ ಕಾಯಿಲೆಗೇ. ಹಾಗಾಗಿ ಸದ್ಯಕ್ಕೆ ನಿಮ್ಮದೇ ಮಾತು ಕಟ್ಟುವ ಗೋಜು ಬಿಡಿ. 13ನೆಯ ಕೀರ್ತನೆ ಆರೇ ವಚನ, "ಎಷ್ಟರವರೆಗೆ?" ಎಂದು ದೇವರನ್ನು ಕೇಳುತ್ತಲೇ ಶುರುವಾಗುತ್ತದೆ. ಅದನ್ನು ಮಗಳಿಗೆ ಪಾಠ ಓದಿ ಹೇಳುವ ಧ್ವನಿಯಲ್ಲಿ ಓದಿ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಎದ್ದುಬಿಡಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಏನೂ ಅನ್ನಿಸದಿದ್ದರೆ ಅನ್ನಿಸಲಿಲ್ಲ, ಮರುದಿನ ಮತ್ತೆ ಓದಿ. ಅಲ್ಲಿ ಓದಿದ್ದನ್ನು ಭಾನುವಾರಕ್ಕೆ ಬಳಸಿಕೊಳ್ಳಬೇಡಿ ಎಂಬುದೊಂದೇ ನನ್ನ ಷರತ್ತು. ವಾಕ್ಯ ಓದುವಾಗಲೇ "ಇದು ಕೂಟಕ್ಕೆ ಚೆನ್ನಾಗಿದೆ" ಎಂದು ಮನಸ್ಸು ಗುರುತು ಹಾಕಿಕೊಳ್ಳುವುದು ಸಭೆಯಲ್ಲಿ ಮಾತನಾಡುವ ಎಲ್ಲರ ಹಳೆಯ ಚಟ.

ಗಂಡಸರ ಕೂಟಗಳ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. "ಹೇಗಿದ್ದೀರಿ, ಬ್ರದರ್?" "ಕರ್ತನ ಕೃಪೆ, ಚೆನ್ನಾಗಿದ್ದೇನೆ." ಅಲ್ಲಿಗೆ ವಿಚಾರಣೆ ಮುಗಿಯಿತು. ಮೆಥಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ 1738ರಲ್ಲಿ ಸಣ್ಣ ಗುಂಪುಗಳಿಗೆ ನಿಯಮ ಬರೆದಾಗ, ಹಿಂದಿನ ಸಲ ಸೇರಿದ ಮೇಲೆ ನಿಮಗೆ ತಿಳಿದಂತೆ ಯಾವ ಪಾಪ ಮಾಡಿದಿರಿ ಎಂದು ಪ್ರತಿಯೊಬ್ಬರನ್ನೂ ವಾರವಾರ ಕೇಳಬೇಕೆಂದಿದ್ದರು. ಇಂದು ಹಾಗೆ ಕೇಳಿದರೆ ಮುಂದಿನ ವಾರ ಅರ್ಧ ಕುರ್ಚಿಗಳು ಖಾಲಿ! ನೀವು ಕೂಟದಲ್ಲಿ ಎದ್ದು ನಿಂತು ಎಲ್ಲವನ್ನೂ ಬಿಚ್ಚಿಡಬೇಕೆಂದು ನಾನು ಹೇಳುವುದಿಲ್ಲ; ಅದೂ ತನ್ನ ನಂಬಿಕೆಯ ಅನುಭವ ಹೇಳಿಕೊಳ್ಳುವ ಇನ್ನೊಂದು ಸಾಕ್ಷಿಯ ಭಾಷಣವಾಗಿಬಿಡುವ ಅಪಾಯವಿದೆ. ಒಬ್ಬನನ್ನು ಹುಡುಕಿ. ಬಾಯಿ ಬಿಗಿಯಿರುವವನು, ನಿಮ್ಮ ಮಾತಿಗೆ ತಕ್ಷಣ ವಚನ ಉದುರಿಸದವನು, ಸಾಧ್ಯವಾದರೆ ಬೇರೆ ಸಭೆಯವನು.

ಹೆಂಡತಿಗೆ ಹೇಳಿ. ಒಂದೇ ಮನೆಯಲ್ಲಿರುವವರಿಗೆ ಎರಡು ವರ್ಷ ಇದು ಗೊತ್ತಾಗದೆ ಇರುವುದು ಕಷ್ಟ. ನೀವೇ ಹೇಳಲಿ ಎಂದು ಆಕೆ ಕಾಯುತ್ತಿರಬಹುದು. ಆಕೆಯ ನಂಬಿಕೆಗೆ ಆಧಾರ ನೀವೇ ಎಂದುಕೊಂಡಿರುವುದು, ಕ್ಷಮಿಸಿ, ಸ್ವಲ್ಪ ಅಹಂಕಾರದ ಮಾತು.

ಹಿರಿಯನ ಸ್ಥಾನವನ್ನು ಈಗಲೇ ಬಿಡಬೇಡಿ. ಮನಸ್ಸು ಬರಡಾದ ಕಾಲದಲ್ಲಿ, ಹಿಂದೆ ನೆಮ್ಮದಿಯಲ್ಲಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂಬುದು ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲ 16ನೆಯ ಶತಮಾನದಲ್ಲಿ ಕೊಟ್ಟ ಸಲಹೆ. ಆದರೆ ಬಹಿರಂಗ ಪ್ರಾರ್ಥನೆಯಿಂದ ಮಾತ್ರ ಮೂರು ತಿಂಗಳು ಬಿಡುವು ಕೇಳಿ. ಪಾಸ್ಟರ್ ಕಾರಣ ಕೇಳಿದರೆ ಇದ್ದದ್ದನ್ನು ಹೇಳಿ, ಅವರಿಗೂ ಇದು ಹೊಸ ಸುದ್ದಿಯಾಗಿರಲಾರದು. ಒಪ್ಪದಿದ್ದರೆ ಕೀರ್ತನೆಯೊಂದನ್ನು ಓದಿ ಕುಳಿತುಕೊಳ್ಳುತ್ತೇನೆಂದು ತಿಳಿಸಿ. ಆ ತಿಂಗಳುಗಳಲ್ಲಿ ಲೆಕ್ಕಪತ್ರ ನೋಡಿ, ಕುರ್ಚಿ ಜೋಡಿಸಿ, ಭಾನುವಾರ ಹಿಂದಿನ ಸಾಲಿನಲ್ಲಿ ಮಗಳ ಪಕ್ಕ ಕುಳಿತು ಬೇರೆಯವರ ಪ್ರಾರ್ಥನೆಗೆ ಆಮೆನ್ ಹೇಳಿ.